ಮಗುವಿನ ಪ್ರಾರ್ಥನೆ ಯಾವ ಭಾಷೆಯಲ್ಲಿ?

ಮೂರನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಕೆಳಗಿಟ್ಟು, 'ತಾತ, ದೇವರ ಹತ್ತಿರ ಇಂಗ್ಲಿಷ್‌ನಲ್ಲೇ ಮಾತಾಡಬೇಕಾ?' ಎಂದು ಕೇಳಿದಳು. ಅವಳು ಓದುತ್ತಿರುವುದು ಮೈಸೂರಿನ ಒಂದು ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ. ಪಕ್ಕದಲ್ಲಿ ಕೂರುವ ಗೆಳತಿಯ ತಂದೆ ಆಸ್ಪತ್ರೆಯಲ್ಲಿದ್ದರು. ಅವರಿಗೆ ಗುಣವಾಗಲಿ ಎಂದು ದೇವರಲ್ಲಿ ಕೇಳಿಕೊಳ್ಳಬೇಕೆಂದು ಇವಳಿಗೆ ಅನ್ನಿಸಿದೆ. ಆದರೆ ಬೆಳಗಿನ ಪ್ರಾರ್ಥನೆ ಇಂಗ್ಲಿಷಿನದು, ಬಾಯಿಪಾಠ. ಅದರಲ್ಲಿ ಗೆಳತಿಯ ತಂದೆಗೆ ಜಾಗವಿಲ್ಲ. ಮನೆಯಲ್ಲಿ ಅಜ್ಜಿ ಕಲಿಸಿದ ಶ್ಲೋಕ ಸಂಸ್ಕೃತದ್ದು. ಅದರ ಅರ್ಥ ಅವಳಿಗೆ ತಿಳಿಯದು. ಕನ್ನಡದಲ್ಲಿಯೇ ಹೇಳಿಕೊಳ್ಳಬಹುದಲ್ಲ ಎಂದೆ. 'ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕ್ತಾರೆ ತಾತ' ಎಂದಳು.

ಮೂವತ್ತೈದು ವರ್ಷ ಸರಕಾರದ ಕಡತಗಳಿಗೆ ಟಿಪ್ಪಣಿ ಬರೆದ ನನಗೆ ಈ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಶಾಲೆಗಳಲ್ಲಿ ಧರ್ಮದ ಸ್ಥಾನವೇನು ಎಂಬ ಬಗ್ಗೆ ನಮ್ಮಲ್ಲಿ ಆಗಾಗ ವಿವಾದಗಳು ಏಳುತ್ತವೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ರೈಸ್ತ ಶಾಲೆಯೊಂದರ ಪ್ರವೇಶ ಅರ್ಜಿಯಲ್ಲಿ, ಮಗು ಬೈಬಲ್ ತರುವುದಕ್ಕೆ ಪೋಷಕರ ಆಕ್ಷೇಪವಿಲ್ಲ ಎಂಬ ಒಕ್ಕಣೆ ಇದ್ದುದು ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಭಗವದ್ಗೀತೆಯನ್ನು ಶಾಲೆಗಳಲ್ಲಿ ಬೋಧಿಸುವ ಪ್ರಸ್ತಾಪವೂ ರಾಜ್ಯದಲ್ಲಿ ಚರ್ಚೆಗೆ ಬಂತು. ಎರಡೂ ಸಂದರ್ಭಗಳಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: ಯಾವ ಗ್ರಂಥ? ಎಂಟು ವರ್ಷದ ಮಗುವಿನ ಒಳಗೆ ಏನು ನಡೆಯುತ್ತಿದೆ, ಅದಕ್ಕೆ ಶಾಲೆ ಏನು ಮಾಡಬಲ್ಲದು ಎಂದು ಕೇಳಿದವರು ವಿರಳ.

ಆಧ್ಯಾತ್ಮಿಕ ಬೆಳವಣಿಗೆ ಎಂದೊಡನೆ ಅದು ಮಠ, ಚರ್ಚು, ಮಸೀದಿಗಳಿಗೆ ಸೇರಿದ ವಿಷಯವೆಂದು ಭಾವಿಸುವವರಿದ್ದಾರೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ, ಮಗುವಿನ ದೈಹಿಕ, ಮಾನಸಿಕ, ನೈತಿಕ, ಸಾಮಾಜಿಕ ಬೆಳವಣಿಗೆಗಳ ಸಾಲಿನಲ್ಲಿಯೇ ಆಧ್ಯಾತ್ಮಿಕ ಬೆಳವಣಿಗೆಯನ್ನೂ ಹೆಸರಿಸುತ್ತದೆ. 14ನೇ ವಿಧಿ ಮಗುವಿಗೂ ಆಲೋಚನೆಯ, ಅಂತಃಸಾಕ್ಷಿಯ ಮತ್ತು ಧರ್ಮದ ಸ್ವಾತಂತ್ರ್ಯವಿದೆ ಎನ್ನುತ್ತದೆ. ಈ ಎರಡು ವಿಧಿಗಳನ್ನು ಜೊತೆಗಿಟ್ಟು ಓದಿದರೆ ನಮ್ಮ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಬೆಳೆಸಬೇಕು, ಆದರೆ ಬಲವಂತ ಮಾಡಬಾರದು. ಹೇಳುವುದು ಸುಲಭ, ಮಾಡುವುದು ಕಷ್ಟ.

ಇದು ಸಾಧ್ಯ ಎಂಬುದಕ್ಕೆ ನನ್ನ ಬಾಲ್ಯವೇ ನನಗೆ ಸಾಕ್ಷಿ. ಅರವತ್ತರ ದಶಕದಲ್ಲಿ ನಾನು ಅಕ್ಷರ ಕಲಿತದ್ದು ಮೈಸೂರಿನ ಒಂದು ಮಿಷನ್ ಪ್ರಾಥಮಿಕ ಶಾಲೆಯಲ್ಲಿ. ಕನ್ನಡ ಮಾಧ್ಯಮ. ನಮ್ಮದು ಮಡಿಮೈಲಿಗೆಯ ಮನೆ; ಶಾಲೆಯಿಂದ ಬಂದವನು ಬಚ್ಚಲಲ್ಲಿ ಕೈಕಾಲು ತೊಳೆದ ಮೇಲೆಯೇ ನಡುಮನೆಗೆ ಪ್ರವೇಶ. ಶಾಲೆಯಲ್ಲಿ ಒಬ್ಬ ಟೀಚರು ಶನಿವಾರಗಳಂದು ಕಥೆ ಹೇಳುತ್ತಿದ್ದರು. ದರೋಡೆಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ನೋಡಿಯೂ ಇಬ್ಬರು ದೊಡ್ಡವರು ಪಕ್ಕಕ್ಕೆ ಸರಿದು ಹೋದದ್ದು, ಎಲ್ಲರೂ ಕೀಳೆಂದು ಕಾಣುತ್ತಿದ್ದ ಜನಾಂಗದ ಮೂರನೆಯವನು ನಿಂತು ಗಾಯ ಕಟ್ಟಿ ಛತ್ರಕ್ಕೆ ಸೇರಿಸಿದ್ದು - ಯೇಸು ಹೇಳಿದ ಈ ಕಥೆ ಎಲ್ಲರಿಗೂ ಪರಿಚಿತ. ನಮ್ಮ ಟೀಚರು ಅದನ್ನು ಜೆರುಸಲೇಮಿನ ದಾರಿಯಿಂದ ತಂದು ನಂಜನಗೂಡಿನ ರಸ್ತೆಯಲ್ಲಿ ನಡೆಸಿದರು. ಬಳಿಕ 'ಆ ಮೂರನೆಯವನು ನಿಮ್ಮ ಬೀದಿಯಲ್ಲಿ ಯಾರಾಗಿರಬಹುದು?' ಎಂದು ಕೇಳಿ ಸುಮ್ಮನೆ ಕುಳಿತರು. ಉತ್ತರ ಹೇಳಿಸಲಿಲ್ಲ, ನೀತಿಯನ್ನು ಬರೆಸಲೂ ಇಲ್ಲ.

ನನಗೆ ನೆನಪಾದದ್ದು ನಮ್ಮ ಮನೆಗೆ ಸೌದೆ ತರುತ್ತಿದ್ದ ಮನುಷ್ಯ. ಅವನು ಎಂದೂ ಮುಂಬಾಗಿಲಿನಿಂದ ಬಂದವನಲ್ಲ. ಆ ಸಂಜೆ ಅಜ್ಜಿಯನ್ನು, 'ಅವನು ಯಾಕೆ ಹಿತ್ತಿಲಿಂದಲೇ ಬರಬೇಕು?' ಎಂದು ಕೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ. ಅವನು ಹಿತ್ತಿಲಿನಿಂದ ಬರುವುದೂ ನಿಲ್ಲಲಿಲ್ಲ. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿಯಿತು. ನಾನು ಕ್ರೈಸ್ತನಾಗಲಿಲ್ಲ, ಆಗಬೇಕೆಂದು ಟೀಚರು ಬಯಸಿದ್ದರೆಂದೂ ನನಗೆ ಅನ್ನಿಸಿಲ್ಲ. ಆದರೆ ಮುಂದೆ ಅಧಿಕಾರಿಯಾಗಿ ಕುರ್ಚಿಯಲ್ಲಿ ಕುಳಿತಾಗ ಬಾಗಿಲಾಚೆ ನಿಂತವರನ್ನು ಒಳಗೆ ಕರೆದು ಕೂರಿಸಬೇಕು ಎಂದು ನನಗೆ ಕಲಿಸಿದ್ದು ಆಡಳಿತ ತರಬೇತಿ ಸಂಸ್ಥೆಯಲ್ಲ, ಆ ಶನಿವಾರ.

ಮೈಸೂರಿನಲ್ಲಿ ಇಂತಹ ಅನುಭವ ನನ್ನೊಬ್ಬನದಲ್ಲ. ಕುವೆಂಪು ಅವರು ಇಲ್ಲಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದವರು. ಅಲ್ಲಿಂದ ಅವರು ನಡೆದದ್ದು ಶ್ರೀರಾಮಕೃಷ್ಣ ಆಶ್ರಮದ ಕಡೆಗೆ. ಬರೆದದ್ದು 'ಶ್ರೀ ರಾಮಾಯಣ ದರ್ಶನಂ'. ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವ, ಆಮೇಲೆ ನಾವು ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ ಎಂಬುದು ಅವರ ಪ್ರಸಿದ್ಧ ವಿಚಾರ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ತಿರುಪತಿ, ವೆಲ್ಲೂರು ಹಾಗೂ ಮದರಾಸುಗಳ ಕ್ರೈಸ್ತ ಸಂಸ್ಥೆಗಳಲ್ಲಿಯೇ ಕಲಿತವರು. ಅಲ್ಲಿ ಕೇಳಿದ ಹಿಂದೂ ಧರ್ಮದ ಟೀಕೆಯೇ ತಮ್ಮ ಧರ್ಮವನ್ನು ಆಳವಾಗಿ ಅಧ್ಯಯನ ಮಾಡಲು ತಮ್ಮನ್ನು ಪ್ರೇರೇಪಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಸೇಂಟ್ ಫಿಲೋಮಿನಾ ಚರ್ಚಿನ ಇಂದಿನ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಒಂದು ನಂಬಿಕೆಯ ನೆರಳಿನಲ್ಲಿ ಬೆಳೆದು ಇನ್ನೊಂದರಲ್ಲಿ ಗಟ್ಟಿಯಾಗಿ ನಿಲ್ಲಬಹುದು ಎಂಬುದನ್ನು ಈ ಊರು ಬಹಳ ಹಿಂದೆಯೇ ಕಂಡಿದೆ.

ಹಾಗಾದರೆ ಅಂದಿಗೂ ಇಂದಿಗೂ ಬದಲಾದದ್ದೇನು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಮೊದಲು ಕಾಣುವುದು ಬೇಡಿಕೆ. ಇಂದು ಪೋಷಕರು 'ಕಾನ್ವೆಂಟ್' ಹುಡುಕಿಕೊಂಡು ಹೋಗುವುದು ಯೇಸುವಿಗಾಗಿ ಅಲ್ಲ, ಇಂಗ್ಲಿಷಿಗಾಗಿ, ಶಿಸ್ತಿಗಾಗಿ, ಅಂಕಗಳಿಗಾಗಿ. ಅವರು ಶುಲ್ಕ ಕೊಡುವುದು ಅವುಗಳಿಗೆ. ಹೀಗಾಗಿ ಶಾಲೆಯೂ ಕ್ರಮೇಣ ಅವುಗಳನ್ನೇ ತನ್ನ ಮುಖ್ಯ ಉತ್ಪನ್ನವೆಂದು ಬಗೆದಿದೆ. ಪ್ರಾರ್ಥನೆ ಗೋಡೆಯ ಮೇಲಿನ ಶಿಲುಬೆಯಂತೆ ಇದ್ದಲ್ಲೇ ಇದೆ. ಯಾರೂ ಅದನ್ನು ತೆಗೆಯುವುದಿಲ್ಲ, ಯಾರೂ ಅದನ್ನು ನೋಡುವುದೂ ಇಲ್ಲ. ಕ್ರೈಸ್ತ ಶಾಲೆಗಳು ಮಕ್ಕಳನ್ನು ಮತಾಂತರಿಸುತ್ತವೆ ಎಂದು ಆತಂಕಪಡುವವರಿದ್ದಾರೆ. ನಾನು ನೋಡಿದ ಅನೇಕ ತರಗತಿಗಳಲ್ಲಿ ಮಕ್ಕಳು ಮತಾಂತರ ಹೊಂದುತ್ತಿರುವುದು ರ‍್ಯಾಂಕಿನ ಧರ್ಮಕ್ಕೆ. ಅದಕ್ಕೆ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳೆಲ್ಲವೂ ಸಂತೋಷದಿಂದ ಸಮ್ಮತಿ ನೀಡಿವೆ.

ಭಾಷೆಯ ವಿಚಾರದಲ್ಲಿಯೂ ಹೀಗೆಯೇ. ಎರಡನೇ ವ್ಯಾಟಿಕನ್ ಮಹಾಸಭೆ (1962-65) ಜನರ ಭಾಷೆಗಳಲ್ಲಿ ಪೂಜೆ ನಡೆಸಲು ಹಾದಿ ತೆರೆಯಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಬಲಿಪೂಜೆ ನಮ್ಮಲ್ಲಿ ಕನ್ನಡಕ್ಕೆ ಬಂತು. ಅದಕ್ಕೂ ಬಹಳ ಮೊದಲೇ, 19ನೇ ಶತಮಾನದ ಆರಂಭದ ದಶಕಗಳಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ಜನರ ಎದೆಗೆ ಇಳಿಯಬೇಕಾದರೆ ಅವರ ಮಾತಿನಲ್ಲಿಯೇ ಹೇಳಬೇಕೆಂದು ಅವರಿಗೆ ಗೊತ್ತಿತ್ತು. ಹನ್ನೆರಡನೇ ಶತಮಾನದ ಶರಣರೂ ಆನಂತರದ ಹರಿದಾಸರೂ ಸಂಸ್ಕೃತದ ಬೇಲಿ ದಾಟಿ ಕನ್ನಡದಲ್ಲಿ ದೇವರೊಡನೆ ಮಾತಾಡಿದ್ದು ಇದೇ ಕಾರಣಕ್ಕೆ. ಹೀಗೆ ಚರ್ಚು ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದಿದೆ; ಅದೇ ನಂಬಿಕೆಯ ಶಾಲೆ ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗಿದೆ. ಮೊಮ್ಮಗಳ ಪ್ರಶ್ನೆ ಹುಟ್ಟಿದ್ದು ಈ ವಿಪರ್ಯಾಸದಿಂದ. ನಮ್ಮ ಮನೆಯೂ ಇದರಲ್ಲಿ ನಿರಪರಾಧಿಯಲ್ಲ. ಅರ್ಥ ಹೇಳದೆ ಶ್ಲೋಕ ಕಂಠಪಾಠ ಮಾಡಿಸಿದವರು ನಾವೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ, ಚರ್ಚಿನ ಆಡಳಿತದ ಅನುದಾನಿತ ಪ್ರಾಥಮಿಕ ಶಾಲೆಯೊಂದರ ವಿರುದ್ಧ ದೂರು ಬಂತು. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳಿಂದಲೂ ಕ್ರೈಸ್ತ ಗೀತೆ ಹಾಡಿಸುತ್ತಾರೆ ಎಂಬುದು ಆಕ್ಷೇಪ. ದೂರು ಸುಳ್ಳಾಗಿರಲಿಲ್ಲ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೂ ಆರಾಧನೆಗೂ ಯಾವ ಮಗುವನ್ನೂ ಪೋಷಕರ ಸಮ್ಮತಿಯಿಲ್ಲದೆ ಹಾಜರುಪಡಿಸುವಂತಿಲ್ಲ. ಎರಡೂ ಕಡೆಯವರನ್ನು ಕಚೇರಿಗೆ ಕರೆಸಿದೆ. ಪ್ರಾರ್ಥನೆಯನ್ನೇ ಕೈಬಿಟ್ಟು ಪ್ರತಿಜ್ಞೆ ಮತ್ತು ವಾರ್ತಾವಾಚನ ಮಾಡಿಸುವುದೆಂದು ಒಪ್ಪಂದವಾಯಿತು. ಕಡತ ಮುಕ್ತಾಯವಾಯಿತು; ಊರಿನಲ್ಲಿ ಗಲಾಟೆ ತಪ್ಪಿತೆಂದು ಮೇಲಧಿಕಾರಿಗಳ ಮೆಚ್ಚುಗೆಯೂ ಸಿಕ್ಕಿತು.

ಮರುವರ್ಷ ಚುನಾವಣಾ ಕೆಲಸದ ಮೇಲೆ ಅದೇ ಶಾಲೆಗೆ ಬೆಳಿಗ್ಗೆಯೇ ಹೋಗಿದ್ದೆ. ಮಕ್ಕಳು ಸಾಲಾಗಿ ನಿಂತಿದ್ದರು. ಪ್ರತಿಜ್ಞೆ ಮುಗಿಯಿತು, ಎರಡು ಸಾಲು ವಾರ್ತೆಯೂ ಆಯಿತು. ಬಳಿಕ ತಿಂಗಳ ಪರೀಕ್ಷೆಯಲ್ಲಿ ಹಿಂದೆ ಬಿದ್ದವರ ಹೆಸರುಗಳನ್ನು ಗಟ್ಟಿಯಾಗಿ ಓದಲಾಯಿತು. ವಯಸ್ಸಾದ ಶಿಕ್ಷಕಿಯೊಬ್ಬರು ನನ್ನ ಬಳಿ ಬಂದು, 'ಮೊದಲು ಇದೇ ಹೊತ್ತಿನಲ್ಲಿ, ಕಾಯಿಲೆಯಿಂದ ಶಾಲೆಗೆ ಬಾರದ ಮಕ್ಕಳ ಹೆಸರು ಹೇಳಿ ಅವರಿಗಾಗಿ ಪ್ರಾರ್ಥನೆ ಮಾಡ್ತಿದ್ವಿ ಸರ್. ಈಗ ಬೇರೆ ಹೆಸರು ಓದ್ತೀವಿ' ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ.

ಕಾನೂನನ್ನು ನಾನು ತಪ್ಪಾಗಿ ಓದಿರಲಿಲ್ಲ; ಆದರೆ ಅದರ ಆಶಯವನ್ನು ಪೂರ್ತಿ ಓದಿರಲಿಲ್ಲ. 28(3)ನೇ ವಿಧಿ ಕೇಳುವುದು ಪ್ರಾರ್ಥನೆಯ ರದ್ದತಿಯನ್ನಲ್ಲ, ಅದರಿಂದ ಹೊರಗುಳಿಯುವ ನಿಜವಾದ ಅವಕಾಶವನ್ನು. ಹೊರಗುಳಿದ ಮಗು ಅವಮಾನಕ್ಕೆ ಗುರಿಯಾಗದೆ ಇರುವ ವ್ಯವಸ್ಥೆಯನ್ನು ನಾನು ಮಾಡಿಸಬೇಕಿತ್ತು. ಅದು ಕಷ್ಟದ ಕೆಲಸವಾದ್ದರಿಂದ ಸುಲಭದ ದಾರಿ ಹಿಡಿದೆ. ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಪ್ಪಿಗೆಯ ಸಾಲು ಅಚ್ಚು ಹಾಕಿಸಿ ಪೋಷಕರ ಸಹಿ ಪಡೆಯುವ ಶಾಲೆಗಳು ಮಾಡುವುದೂ ಇಂತಹುದೇ ಸುಲಭದ ಕೆಲಸ. ಸೀಟು ಬೇಕಾದ ಪೋಷಕ ಏನಕ್ಕೂ ಸಹಿ ಹಾಕುತ್ತಾನೆ. ಆಯ್ಕೆಯಿಲ್ಲದ ಕಡೆ ಒಪ್ಪಿಗೆಗೆ ಅರ್ಥವಿಲ್ಲ.

ಮಗುವಿನ ಅಂತಃಸಾಕ್ಷಿಯನ್ನು ಹೇಗೆ ಗೌರವಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿಯೇ ತೋರಿಸಿಕೊಟ್ಟಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು. ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಗೌರವದಿಂದ ಮೌನವಾಗಿ ನಿಲ್ಲುವುದೂ ಮಗುವಿನ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಅಂದು ಈ ರಕ್ಷಣೆ ಸಿಕ್ಕಿದ್ದು ಒಂದು ಚಿಕ್ಕ ಕ್ರೈಸ್ತ ಪಂಥದ ಮಕ್ಕಳಿಗೆ. ಕ್ರೈಸ್ತ ಶಾಲೆಯಲ್ಲಿ ಕಲಿಯುವ ಹಿಂದೂ, ಮುಸ್ಲಿಂ ಮಗುವಿಗೂ, ದೇವರಲ್ಲಿ ನಂಬಿಕೆಯಿಲ್ಲದ ಮನೆಯ ಮಗುವಿಗೂ ಅದು ಸಲ್ಲಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನ 2024ರಲ್ಲಿ ತನ್ನ ಶಾಲೆಗಳಿಗೆ ನೀಡಿದ ಮಾರ್ಗಸೂಚಿಯಲ್ಲಿ, ಅನ್ಯಧರ್ಮೀಯ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕು, ಸಾಧ್ಯವಾದರೆ ಸರ್ವಧರ್ಮ ಪ್ರಾರ್ಥನಾ ಕೊಠಡಿಯನ್ನು ಇಡಬೇಕು ಎಂದು ಸೂಚಿಸಿರುವುದು ಸ್ವಾಗತಾರ್ಹ.

ಆದರೆ ಹೇರದಿರುವುದು ಅರ್ಧ ಕೆಲಸ ಮಾತ್ರ. ಬೆಳೆಸುವುದು ಹೇಗೆ? ಮೊಮ್ಮಗಳ ಪ್ರಶ್ನೆಯನ್ನು ಹೊತ್ತು ಒಂದು ದಿನ ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. ಐವತ್ತು ದಾಟಿದ ಸನ್ಯಾಸಿನಿ, ಮಾತು ಕಡಿಮೆ. ನಾನು ಹೇಳಿದ್ದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಾನು ಪ್ರಾರ್ಥನೆ ಮಾಡೋದು ಕನ್ನಡದಲ್ಲೇ ಸರ್. ನಮ್ಮಮ್ಮ ಕಲಿಸಿದ್ದು ಹಾಗೇ. ಮಕ್ಕಳಿಗೆ ಮಾತ್ರ ಇಂಗ್ಲಿಷ್ ಯಾಕೆ ಅಂತ ನಾನು ಯೋಚನೆ ಮಾಡಿರಲಿಲ್ಲ' ಎಂದರು. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಎಂದು ಪ್ರತ್ಯೇಕ ತರಗತಿಗಳಿವೆ. ನೀತಿಪಾಠದಲ್ಲಿ ಪುಸ್ತಕ ಓದಿಸಿ ಪ್ರಶ್ನೋತ್ತರ ಬರೆಸುತ್ತಾರೆ, ಅದಕ್ಕೂ ಅಂಕಗಳಿವೆ ಎಂದು ಅವರೇ ನಗುತ್ತ ಒಪ್ಪಿಕೊಂಡರು. ಕರುಣೆಗೆ ಹತ್ತಕ್ಕೆ ಎಂಟು!

ದೊಡ್ಡ ಸುಧಾರಣೆಗಳು ಬೇಕಿಲ್ಲ. ಮೊದಲನೆಯದು ಮೌನ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948-49) ದಿನದ ಕೆಲಸವನ್ನು ಕೆಲವು ನಿಮಿಷಗಳ ಮೌನ ಧ್ಯಾನದಿಂದ ಆರಂಭಿಸಬೇಕೆಂದು ಶಿಫಾರಸು ಮಾಡಿತ್ತು. 1939ರಲ್ಲಿ ಭಾರತಕ್ಕೆ ಬಂದು ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದ ಮಾರಿಯಾ ಮಾಂಟೆಸ್ಸೊರಿ, ಪುಟ್ಟ ಮಕ್ಕಳಿಗೆ ಮೌನವನ್ನೇ ಒಂದು ಆಟವನ್ನಾಗಿ ಕಲಿಸುತ್ತಿದ್ದರು. ಎಲ್ಲರೂ ಅಲ್ಲಾಡದೆ ಕೂರುತ್ತಾರೆ. ದೂರದಿಂದ ಪಿಸುದನಿಯಲ್ಲಿ ಕರೆದಾಗ ಒಬ್ಬೊಬ್ಬರೇ ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಮೌನಕ್ಕೆ ಮತವಿಲ್ಲ, ಭಾಷೆಯೂ ಇಲ್ಲ. ಕ್ರೈಸ್ತ ಮಗು ಅದರಲ್ಲಿ ಯೇಸುವನ್ನು ನೆನೆಯಬಹುದು, ಮುಸ್ಲಿಂ ಮಗು ಅಲ್ಲಾಹನನ್ನು, ನನ್ನ ಮೊಮ್ಮಗಳು ಗೆಳತಿಯ ತಂದೆಯನ್ನು.

ಎರಡನೆಯದು ಕಥೆ. ಕ್ರೈಸ್ತ ಶಾಲೆ ತನ್ನ ಕಥೆಗಳನ್ನು ಮುಚ್ಚಿಡಬೇಕಾಗಿಲ್ಲ. ಧರ್ಮಗಳ ಕುರಿತು ತಿಳಿವಳಿಕೆ ನೀಡುವುದು ಸಂವಿಧಾನ ನಿಷೇಧಿಸಿದ ಧಾರ್ಮಿಕ ಬೋಧನೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಕಥೆ ಹೇಳಲಿ, ಆದರೆ ಮಕ್ಕಳ ಮಾತಿನಲ್ಲಿ, ಮಕ್ಕಳ ಊರಿನಲ್ಲಿ ನಡೆದಂತೆ ಹೇಳಲಿ. ಮನೆಯಲ್ಲಿ ಕೇಳಿದ ಕಥೆಯನ್ನು ಮಗು ತಂದು ಹೇಳಿದರೆ ಅದನ್ನೂ ಅಷ್ಟೇ ಪ್ರೀತಿಯಿಂದ ಕೇಳಲಿ. ಕೊನೆಯಲ್ಲಿ ನೀತಿ ಬರೆಸದೆ ಒಂದು ಪ್ರಶ್ನೆ ಕೇಳಿ ಬಿಡಲಿ.

ಮೂರನೆಯದು ಕಷ್ಟದ್ದು: ಶಿಕ್ಷಕರ ನಡತೆ. ಬೆಳಿಗ್ಗೆ ಪ್ರೀತಿಯ ಪ್ರಾರ್ಥನೆ ಹೇಳಿಸಿ, ಮೊದಲ ಪೀರಿಯಡ್‌ನಲ್ಲಿಯೇ ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ, ಶುಲ್ಕ ಕಟ್ಟದ ಮಗುವನ್ನು ಎಲ್ಲರೆದುರು ನಿಲ್ಲಿಸುವ ಶಾಲೆಯಲ್ಲಿ ಮಗು ಕಲಿಯುವುದು ಎರಡನೆಯದನ್ನು. ಇದು ಕ್ರೈಸ್ತ ಶಾಲೆಗಳಿಗೆ ಮಾತ್ರವಲ್ಲ, ಗೀತೆಯನ್ನೋ ವಚನವನ್ನೋ ಹೇಳಿಸುವ ಎಲ್ಲ ಶಾಲೆಗಳಿಗೂ ಅನ್ವಯಿಸುವ ಮಾತು.

ಇವೆಲ್ಲವುಗಳ ಫಲವನ್ನು ಅಳೆಯುವುದು ಹೇಗೆಂದು ಯಾರಾದರೂ ಕೇಳಬಹುದು. ಅಳೆಯಲಾಗದು. ನಾನು ಕಲಿತ ಶಾಸ್ತ್ರ ಅಳೆಯಲಾಗದ್ದನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಅದು ಶಾಸ್ತ್ರದ ಮಿತಿ. ನಂಜನಗೂಡಿನ ರಸ್ತೆಯ ಕಥೆ ಹೇಳಿದ ಟೀಚರಿಗೆ ಅದರ ಫಲವೇನಾಯಿತೆಂದು ಎಂದೂ ಗೊತ್ತಾಗಲಿಲ್ಲ. ಹೇಳಬೇಕೆಂದು ನನಗೆ ಅನ್ನಿಸುವ ಹೊತ್ತಿಗೆ ಅವರು ಇರಲಿಲ್ಲ.

ಅಂದು ಸಂಜೆ ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಸರಳವಾದದ್ದು. 'ನೀನು ಅಮ್ಮನ ಹತ್ತಿರ ಹೇಗೆ ಮಾತಾಡ್ತೀಯೋ ಹಾಗೇ ಮಾತಾಡು ಪುಟ್ಟಿ' ಎಂದೆ. ಅವಳು ದೇವರ ಗೂಡಿನ ಕಡೆಗೆ ಹೋಗಲಿಲ್ಲ. ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚಿಕೊಂಡಳು. ಏನು ಕೇಳಿಕೊಂಡಳೆಂದು ನಾನು ವಿಚಾರಿಸಲಿಲ್ಲ. ಗೆಳತಿಯ ತಂದೆ ಮುಂದಿನ ವಾರ ಮನೆಗೆ ಬಂದರು. ಅದಕ್ಕೆ ವೈದ್ಯರು ಕಾರಣ. ಮುಖ್ಯೋಪಾಧ್ಯಾಯಿನಿ ಈಗ ಬೆಳಗಿನ ಸಭೆಯಲ್ಲಿ ಎರಡು ನಿಮಿಷ ಮೌನ ಇಟ್ಟಿದ್ದಾರಂತೆ. ಆ ಹೊತ್ತಿನಲ್ಲಿ ಏನು ಮಾಡುತ್ತೀಯೆಂದು ಮೊಮ್ಮಗಳನ್ನು ಕೇಳಿದೆ. 'ಅದು ಹೇಳೋ ಹಾಗಿಲ್ಲ ತಾತ, ನಮ್ಮದು ಅದು' ಎಂದಳು.